ಹದಿನಾಲ್ಕನೇ ನಂಬರಿನ ಕಂಪ್ಯೂಟರ್

ಕಂಪ್ಯೂಟರಿನ ಗುಂಡಿಯ ಮೇಲೆ ಬೆರಳಿಟ್ಟ ಅನಂತರಾಜು ಒತ್ತದೆ ಹಾಗೇ ನಿಂತುಬಿಟ್ಟ. ಇನ್ನೊಂದು ಕೈಯಲ್ಲಿ ಫೋನಿತ್ತು. ಆ ತುದಿಯಲ್ಲಿ ಬೆಂಗಳೂರಿನ ಹೆಡ್ ಆಫೀಸಿನ ಭಾನುಪ್ರಿಯ. "ಒಂಬತ್ತೂವರೆಯಿಂದ ಟ್ರೈ ಮಾಡ್ತಾ ಇದೀನಿ ಅನಂತರಾಜು. ಹಾರೋಹಳ್ಳಿ ಸರ್ವರ್ ಓಪನ್ನೇ ಆಗ್ತಿಲ್ಲ. ಏನಾದ್ರೂ ಚೇಂಜ್ ಮಾಡಿದ್ರಾ?" ಅವಳು ಕೇಳಿದ್ದು ಮಾಮೂಲಿ ದನಿಯಲ್ಲೇ. ಆದರೆ ಬುಧವಾರ ಸಂಜೆ ತಾನು ಮಾಡಿಟ್ಟದ್ದು, ಶನಿವಾರ ಸರಿಮಾಡಬೇಕೆಂದುಕೊಂಡು ಮರೆತದ್ದು ಎಲ್ಲವೂ ಅವನಿಗೆ ಒಟ್ಟಿಗೆ ನೆನಪಾಯಿತು. "ಇಲ್ಲ ಮೇಡಂ" ಎಂದ. ಆ ಎರಡು ಮಾತು ಎಷ್ಟು ಸಲೀಸಾಗಿ ಹೊರಬಿತ್ತೆಂದರೆ ಪಕ್ಕದಲ್ಲಿ ಇನ್ಯಾರೋ ನಿಂತು ಹೇಳಿದಂತೆ ಅವನಿಗೇ ಕೇಳಿಸಿತು. "ಎರಡು ಗಂಟೆಗೆ ಕಸ್ಟಮರ್ಸ್ ಬರ್ತಾರೆ. ಅಷ್ಟರಲ್ಲಿ ನಾನು ಇಲ್ಲಿಂದ ಒಳಗೆ ಹೋಗ್ಲೇಬೇಕು. ಒಂದು ಸಲ ನೋಡಿ, ಪ್ಲೀಸ್" ಎಂದು ಅವಳು ಫೋನಿಟ್ಟಳು. ಅವನು ಗುಂಡಿಯಿಂದ ಬೆರಳು ತೆಗೆದು ಪ್ಯಾಂಟಿಗೆ ಒರೆಸಿಕೊಂಡ.

ಒತ್ತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಾರುಗಳಿಗೆ ರಬ್ಬರ್ ಪೈಪು ಮಾಡುವ ಆ ಫ್ಯಾಕ್ಟರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಅನಂತರಾಜು ಒಬ್ಬನೇ. ಹೊರಗಿನಿಂದ ಬರುವವರೆಲ್ಲ ಗೋಡೆಗೆ ಹೊಡೆದ ಒಂದು ರೂಟರ್ ದಾಟಿಯೇ ಬರಬೇಕು. ಅದರೊಳಗಿನ ಫೈರ್‌ವಾಲ್ ಸಿಕ್ಕಸಿಕ್ಕವರನ್ನೆಲ್ಲ ತಡೆದು, ಇಂಥ ಬಾಗಿಲು, ಅಂದರೆ ಪೋರ್ಟ್, ತಟ್ಟಿದವರನ್ನು ಮಾತ್ರ ಇಂಥ ಕಂಪ್ಯೂಟರಿಗೆ ಬಿಡು ಎಂದು ಬರೆದಿಟ್ಟಂತೆ ನಡೆಯುತ್ತದೆ. ಭಾನುಪ್ರಿಯ ಪ್ರತಿ ಸೋಮವಾರ ತಟ್ಟುವ ಬಾಗಿಲು ಎರಡನೇ ನಂಬರಿಗೆ, ಅಂದರೆ ಸರ್ವರಿಗೆ ತೆರೆದುಕೊಳ್ಳಬೇಕು. ಬುಧವಾರ ಅನಂತರಾಜು ಆ ಎರಡನ್ನು ಅಳಿಸಿ ಹದಿನಾಲ್ಕು ಎಂದು ಬರೆದಿದ್ದ. ಹದಿನಾಲ್ಕು ಅವನದೇ ಕಂಪ್ಯೂಟರು. ಶನಿವಾರ ಅದನ್ನು ಆರಿಸಿ ಹೋಗಿದ್ದರಿಂದ ಅವಳಿಗೆ ಏನೂ ಸಿಕ್ಕಿರಲಿಲ್ಲ. ಈಗ ಹಚ್ಚಿದರೆ ಸರ್ವರಿನ ಬದಲು ಅವನ ಕಂಪ್ಯೂಟರು, ಅವನ ಹೆಸರು ಹೊತ್ತುಕೊಂಡು, ಅವಳ ಮುಂದೆ ಹೋಗಿ ನಿಲ್ಲುತ್ತಿತ್ತು. ಪರದೆಯ ನೆತ್ತಿಯ ಮೇಲೆ, ಫ್ಯಾಕ್ಟರಿಗೆ ಕೇಬಲ್ ಎಳೆದ ವಹಾಬ್ ತನ್ನ ಕೈಯಾರೆ ಬರೆದು ಅಂಟಿಸಿದ್ದ 14 ಎಂಬ ಚೀಟಿ ಇತ್ತು. ಇಷ್ಟು ದಿನ ಕಣ್ಣಿಗೇ ಬೀಳದಿದ್ದ ಆ ಚೀಟಿಯನ್ನು ಅನಂತರಾಜು ಉಗುರಿನಿಂದ ಕೆರೆದು ನೋಡಿದ. ಗಟ್ಟಿಯಾಗಿ ಅಂಟಿತ್ತು.

"ಮನೇಲಿ ರೇಷ್ಮೆ ಹುಳ ಹಣ್ಣಾಗ್ತವೆ ಸಾರ್, ಎರಡು ದಿನ ರಜ ಬೇಕಾಗಿತ್ತು" ಎಂದು ಕಳೆದ ಮಂಗಳವಾರ ಅನಂತರಾಜು ಮ್ಯಾನೇಜರ್ ನಟರಾಜುವಿನ ಎದುರು ನಿಂತಿದ್ದ. ಸ್ಟೋರ್ಸಿನ ಮೂರು ಜನ ಅಲ್ಲೇ ಇದ್ದರು. "ಹುಳಕ್ಕೆ ನಾನು ರಜ ಕೊಡ್ಬೇಕಾ ಅನಂತರಾಜು? ಅದೇನು ನಮ್ಮ ಎಂಪ್ಲಾಯಿನಾ?" ಎಂದು ನಟರಾಜು ನಕ್ಕ. ಸ್ಟೋರ್ಸಿನವರೂ ನಕ್ಕರು. ಅನಂತರಾಜುವೂ ನಕ್ಕ. ಆಮೇಲೆ ಬೈಕಿನಲ್ಲಿ ತನ್ನೂರು ಕೈಲಾಂಚದವರೆಗೂ ಅವನನ್ನು ಕೊರೆದದ್ದು ಅವರ ನಗುವಲ್ಲ, ತನ್ನದು. ಚನ್ನಪಟ್ಟಣದ ಪೇಟೆಯಲ್ಲಿ ಬೆಳೆದ ನಟರಾಜುವಿಗೆ ಹಣ್ಣಾದ ಹುಳ ಕಾಯುವುದಿಲ್ಲ ಎಂದು ಹೇಗೆ ತಿಳಿಯಬೇಕು? ಸೊಪ್ಪು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ತೂಗುವ ಹೊತ್ತಿಗೆ ಒಂದೊಂದನ್ನೇ ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಇಲ್ಲದಿದ್ದರೆ ತಟ್ಟೆಯಲ್ಲೇ ನೂಲು ಕಕ್ಕಿ ಹಾಳಾಗುತ್ತವೆ. ಹೆಂಡತಿ ಲತಾಮಣಿ ಹೆರಿಗೆಗೆಂದು ಕೋಡಿಹಳ್ಳಿಯ ತವರಿಗೆ ಹೋಗಿದ್ದಳು. ಮನೆಯಲ್ಲಿ ತಾಯಿ ಸರಸಮ್ಮ ಒಬ್ಬಳೇ. ಊರವರೆಲ್ಲ ಒಂದೇ ದಿನ ಹುಳದ ಮರಿ ತಂದವರಾದ್ದರಿಂದ ಎಲ್ಲರ ಮನೆಯಲ್ಲೂ ಅವೇ ಎರಡು ದಿನ. ಕೂಲಿಗೆಂದು ಕೂಗಿದರೆ ಒಂದು ನರಪಿಳ್ಳೆಯೂ ಸಿಗುವುದಿಲ್ಲ.

ರಜವಂತೂ ಸಿಗಲಿಲ್ಲ. ಆದರೆ ಗುರುವಾರ, ಶುಕ್ರವಾರ ನಟರಾಜು ಹೊಸೂರಿನ ಮೀಟಿಂಗಿಗೆ ಹೋಗುವವನಿದ್ದ. ದಿನಕ್ಕೆರಡು ಸಲ ಫ್ಯಾಕ್ಟರಿಯಿಂದ ರಿಪೋರ್ಟು ಹೋದರೆ ಸಾಕು, ಅನಂತರಾಜು ಕುರ್ಚಿಯಲ್ಲೇ ಇದ್ದಾನೆ ಎಂದು ಎಲ್ಲರೂ ನಂಬುತ್ತಿದ್ದರು. ಎರಡು ದಿನ ಕನಕಪುರದಲ್ಲಿ ಇಂಟರ್‌ನೆಟ್ ಲೈನಿನ ಕೆಲಸವಿದೆ ಎಂದು ಬುಧವಾರವೇ ಗೇಟಿನವನಿಗೆ ಹೇಳಿ, ಹುಳದ ಮನೆಯಿಂದ ಎದ್ದು ಬೈಕಿನಲ್ಲಿ ರಾಮನಗರಕ್ಕೆ ಹೋಗಿ, ಸೈಬರ್ ಕೆಫೆಯ ಪುಸ್ತಕದಲ್ಲಿ ಸಹಿ ಹಾಕಿ ಕೂತು, ಅಲ್ಲಿಂದ ಆ ಬಾಗಿಲು ತಟ್ಟಿ ತನ್ನ ಕಂಪ್ಯೂಟರಿನೊಳಗೆ ನುಗ್ಗಿ ರಿಪೋರ್ಟು ಕಳಿಸಿದ್ದ. ರಾಮನಗರ ಜಿಲ್ಲೆಯಾಯಿತೆಂದು ಬೀದಿಗೆ ಕಟ್ಟಿದ್ದ ಬ್ಯಾನರುಗಳು ಇನ್ನೂ ಹರಿದಿರಲಿಲ್ಲ. ತಾನಿಲ್ಲದ ಕುರ್ಚಿಯ ಮುಂದಿನ ಫೈಲುಗಳನ್ನು ಅಷ್ಟು ದೂರದಿಂದ ತೆರೆಯುವಾಗ ಅವನಿಗೆ ಸಣ್ಣ ಹುಡುಗನ ಹಾಗೆ ಖುಷಿಯಾಗಿತ್ತು. ಹೇಳಿಕೊಳ್ಳಲು ಯಾರೂ ಇಲ್ಲವಲ್ಲ ಎಂದು ಬೇಸರವೂ ಆಗಿತ್ತು. ವಾಪಸು ಬಂದರೆ ಸರಸಮ್ಮ ಹುಳದ ಮನೆಯ ಬಾಗಿಲಲ್ಲೇ ತಡೆದಳು. "ಸೆಂಟಿನ ವಾಸ್ನೆ ಬತ್ತಾ ಐತೆ ಕಣ್ಲಾ. ಎಲ್ಲಿಗೋಗಿದ್ದೆ? ಹುಳಕ್ಕಾಗಲ್ಲ, ಮೈ ತೊಳ್ಕೊಂಡು ಬಾ, ಹಂಗೇ ನುಗ್ಬೇಡ." ಸೈಬರಿನವನು ಹೊಡೆಯುತ್ತಿದ್ದ ಮಲ್ಲಿಗೆ ಸ್ಪ್ರೇ ಅದು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ತೊಳೆದು, ತಲೆಗೆ ಎರಡು ತಂಬಿಗೆ ಸುರಿದುಕೊಂಡು ಒಳಗೆ ಹೋದ. ಕಳ್ಳತನ ಮಾಡಿದೆ ಎಂದು ಆಗ ಒಂದು ಕ್ಷಣವೂ ಅನ್ನಿಸಿರಲಿಲ್ಲ.

ಈಗ ಸರ್ವರಿನ ಕೋಣೆಯಲ್ಲಿ ಕೂತು ರೂಟರಿನ ಪುಟ ತೆರೆಯುವಷ್ಟರಲ್ಲಿ ನಟರಾಜು ಬಂದೇಬಿಟ್ಟ. ಹೆಡ್ ಆಫೀಸಿನಿಂದ ಅವನಿಗೂ ಫೋನು ಹೋಗಿತ್ತು. ಬಂದವನು ಬಾಗಿಲಲ್ಲಿ ನಿಂತು ವಿಚಾರಿಸಿ ಹೋಗಬಾರದೇ? ಕುರ್ಚಿ ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಗುಲುವಂತೆ ಪಕ್ಕದಲ್ಲೇ ಕೂತ. ಅನಂತರಾಜು ಪುಟವನ್ನು ಮುಚ್ಚಿ, ಇಂಥ ಹೊತ್ತಿನಲ್ಲಿ ಮಾಡಬೇಕಾದ್ದನ್ನೆಲ್ಲ ಒಂದೊಂದಾಗಿ ಮಾಡತೊಡಗಿದ. ಕೇಬಲ್ ಕಿತ್ತು ಸಿಕ್ಕಿಸಿದ. ರೂಟರನ್ನು ಆರಿಸಿ, ಮೂವತ್ತು ಎಣಿಸಿ, ಹಚ್ಚಿದ. ಸರ್ವರಿನ ಫೈರ್‌ವಾಲ್ ತೆಗೆದ, ಹಾಕಿದ. ಒಂದೊಂದಕ್ಕೂ ಭಾನುಪ್ರಿಯಳಿಗೆ ಫೋನು ಮಾಡಿ, "ಈಗ ನೋಡಿ ಮೇಡಂ" ಎನ್ನುವುದು. ಅವಳು, "ಇಲ್ಲ, ಹಾಗೇ ಇದೆ" ಎನ್ನುವುದು. ಯಾವುದರಿಂದಲೂ ಆಗುವುದಿಲ್ಲ ಎಂದು ಗೊತ್ತಿದ್ದೇ ಮಾಡುವ ಕೆಲಸ ಎಷ್ಟು ನೀಟಾಗಿ ಆಗುತ್ತದೆಂದು ಅವನಿಗೆ ಆಶ್ಚರ್ಯವಾಯಿತು. ನಟರಾಜುವಂತೂ, "ಪಾಪ, ಎಷ್ಟು ಒದ್ದಾಡ್ತೀರ್ರೀ" ಎಂದು ಅವನ ಬೆನ್ನು ಸವರಿದ. ಅಂಗಿಯೊಳಗೆ ಬೆವರು ಆರದೆ ನಿಂತಿತ್ತು.

ಸ್ಪೀಕರಿನಲ್ಲಿ ಭಾನುಪ್ರಿಯ ಹೇಳಿದಳು: "ಅನಂತರಾಜು, ರೂಟರ್ ಪೇಜ್ ತೆಗೀರಿ. ನಾನು ಬರೋ ಪೋರ್ಟ್ ಎಷ್ಟನೇ ನಂಬರಿಗೆ ಹೋಗ್ತಾ ಇದೆ, ಆ ಸಾಲು ಓದಿ ಹೇಳಿ."

"ಪಾಸ್‌ವರ್ಡ್ ತಗೊಳ್ತಾ ಇಲ್ಲ ಮೇಡಂ."

ಬಾಯಿ ಮತ್ತೆ ತಾನಾಗಿ ಆಡಿತ್ತು. ಪುಟ ತೆರೆದು, ಹದಿನಾಲ್ಕನ್ನು ಎರಡು ಮಾಡಿ, 'ಎರಡು' ಎಂದು ಓದಿಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತ ನಟರಾಜುವಿಗೆ ಎರಡೂ ಒಂದೇ, ಹದಿನಾಲ್ಕೂ ಒಂದೇ. ಇದು ಹೊಳೆದದ್ದು ಸುಳ್ಳು ಹೊರಬಿದ್ದ ಮೇಲೆ. ಈಗ ಹಿಂದಕ್ಕೆ ಎಳೆದುಕೊಳ್ಳುವ ಹಾಗಿರಲಿಲ್ಲ. "ತಗೊಳ್ತಾ ಇಲ್ಲ ಅಂದ್ರೆ? ಯಾರೋ ಬದಲಾಯಿಸಿದ್ದಾರೆ ಅಂತ ತಾನೇ? ಅದು ಇನ್ಯಾರಿಗೆ ಗೊತ್ತು?" ಎಂದು ನಟರಾಜು ಕೇಳಿದ. ಉತ್ತರ ನಟರಾಜುವಿಗೇ ಗೊತ್ತಿತ್ತು. ಇಡೀ ಫ್ಯಾಕ್ಟರಿಯ ಕೇಬಲ್ಲು, ರೂಟರು ಎಲ್ಲ ಜೋಡಿಸಿದವನು ವಹಾಬ್, ಅಗ್ರಿಮೆಂಟೂ ಅವನದೇ. ನಟರಾಜು ಜೇಬಿನಿಂದ ಮೊಬೈಲು ತೆಗೆದ.

ವಹಾಬ್ ಅದೇ ಕೈಗಾರಿಕಾ ಪ್ರದೇಶದ ಇನ್ನೊಂದು ಫ್ಯಾಕ್ಟರಿಯಲ್ಲಿ ಏಣಿ ಹತ್ತಿದ್ದವನು ಇಳಿದು ಇಪ್ಪತ್ತು ನಿಮಿಷದಲ್ಲಿ ಬಂದ. ನಲವತ್ತೈದು ದಾಟಿದ ಆಳು. ರಾಮನಗರದಲ್ಲಿ ಅವರ ಮನೆತನದ್ದು ರೇಷ್ಮೆಗೂಡು ಕುದಿಸಿ ನೂಲು ಬಿಚ್ಚುವ ಕೆಲಸ. ಹೊರದೇಶದ ರೇಷ್ಮೆ ಅಗ್ಗಕ್ಕೆ ಬಂದು ಒಲೆಗಳು ಆರಿದ ಮೇಲೆ ಭಾವಮೈದುನನ ಜೊತೆ ಸೇರಿ ಇದನ್ನು ಕಲಿತಿದ್ದ. ವರ್ಷಗಟ್ಟಲೆ ಕುದಿನೀರಿನಲ್ಲಿ ಆಡಿದ ಬೆರಳುಗಳ ತುದಿ ಈಗಲೂ ಬಿಳಿಚಿಕೊಂಡು ನುಣುಪಾಗಿತ್ತು. ಆ ಬೆರಳುಗಳೇ ಅನಂತರಾಜುವಿಗೆ ಎಂಟು ಬಣ್ಣದ ತಂತಿಗಳನ್ನು ಸಾಲಾಗಿ ಹಿಡಿಯುವುದು ಕಲಿಸಿದ್ದು. "ರೂಟರ್ ಅಂದ್ರೆ ಮನೆ ಬಾಗ್ಲಲ್ಲಿ ಕೂತಿರೋ ಅಜ್ಜಿ ಕಣೋ ಅನಂತು. ಬಂದೋರು ಯಾರು, ಯಾರನ್ನ ಕೇಳ್ಕೊಂಡು ಬಂದ್ರು, ಎಲ್ಲಾ ಅವಳಿಗೆ ಗೊತ್ತಿರ್ಬೇಕು" ಎಂದು ಮೊದಲ ದಿನ ಹೇಳಿದ್ದ. ಡಿಪ್ಲೊಮಾ ಮಾಡಿದ್ದ ಅನಂತರಾಜು ಆವತ್ತು ಒಳಗೊಳಗೇ ನಕ್ಕಿದ್ದ. ಹಾರೋಹಳ್ಳಿಯಲ್ಲಿ ವಹಾಬನಿಗೆ ಮೊದಲು ಸಿಕ್ಕ ಫ್ಯಾಕ್ಟರಿ ಇದು. ಇಲ್ಲಿಯ ಒಳ್ಳೆಯ ಮಾತಿನಿಂದಲೇ ಉಳಿದ ಐದು ಸಿಕ್ಕಿದ್ದವು. ಆ ಐದರ ಮ್ಯಾನೇಜರುಗಳೂ ನಟರಾಜುವಿನ ಜೊತೆ ಭಾನುವಾರ ಶಟಲ್ ಆಡುವವರು. ಇಲ್ಲಿ ಹೆಸರು ಕೆಟ್ಟರೆ ಅಲ್ಲೆಲ್ಲ ಕೆಟ್ಟಂತೆ. ಇದು ಅನಂತರಾಜುವಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಎದ್ದು ಅವನಿಗೆ ಕುರ್ಚಿ ಬಿಟ್ಟುಕೊಟ್ಟ.

ವಹಾಬ್ ಕೂತು ಹಳೆಯ ಪಾಸ್‌ವರ್ಡನ್ನೇ ಒತ್ತಿದ. ಪುಟ ತೆರೆದುಕೊಂಡಿತು. "ತಗೊಂತಲ್ಲ ಸಾರ್" ಎಂದವನು ಅನಂತರಾಜುವಿನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ್ದನ್ನು ಕೇಳುವ ಹಾಗಿತ್ತು. ಆಮೇಲೆ ಪರದೆಗೆ ತಿರುಗಿ ಕೆಳಗೆ ಸರಿಸುತ್ತ ಹೋದ, ಆ ಸಾಲು ಬಂತು, ಹದಿನಾಲ್ಕು. ಬಿಳಿಚಿದ ಬೆರಳು ಮೌಸಿನ ಮೇಲೆ ನಿಂತಿತು. ಅನಂತರಾಜುವಿಗೆ ತನ್ನ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎಸಿಯ ಮೇಲೆ ಅಂಟಿಸಿದ್ದ ಸರ್ವೀಸಿನ ತಾರೀಖನ್ನು ಎರಡು ಸಲ ಓದಿದ. ವಹಾಬ್ ಹದಿನಾಲ್ಕನ್ನು ಅಳಿಸಿ ಎರಡು ಎಂದು ಬರೆದು, ಸೇವ್ ಮಾಡಿ, "ಈಗ ನೋಡಿ ಮೇಡಂ" ಎಂದ.

"ಬಂತು! ಒಳಗೆ ಬಂದೆ" ಎಂದಳು ಭಾನುಪ್ರಿಯ. "ಏನಾಗಿತ್ತು?"

"ಬ್ಯಾರೆ ನಂಬರ್‌ಗೆ ಹೋಯ್ತಿತ್ತು ಮೇಡಂ."

"ಯಾವ ನಂಬರ್‌ಗೆ?"

ವಹಾಬ್ ಗಂಟಲು ಸರಿಮಾಡಿಕೊಂಡ. "ಅಳ್ಸಾಕ್ಬುಟ್ಟೆ ಮೇಡಂ. ಸರ್ಯಾಗಿ ನೋಡ್ಲಿಲ್ಲ."

"ಯಾರು ಮಾಡಿದ್ದು ಅಂತ ನನಗೆ ರಿಪೋರ್ಟ್ ಬೇಕು ನಟರಾಜು ಸರ್. ಹೊರಗಿನವರು ಹೀಗೆಲ್ಲ ಕೈಯಾಡಿಸೋ ಹಾಗಿದ್ರೆ ಕಷ್ಟ" ಎಂದು ಅವಳು ಲೈನು ಕಡಿದಳು. ನಟರಾಜುವಿನ ಮುಖ ಕೆಂಪಗಾಗಿತ್ತು. "ಅನಂತರಾಜು ಒತ್ತಿದ್ರೆ ತಗೊಳ್ಳಲ್ಲ, ನೀನು ಒತ್ತಿದ್ರೆ ತಗೊಳ್ತದೆ. ಅಂದ್ರೆ ಏನಪ್ಪ ಅರ್ಥ? ಗುರುವಾರ ಬಂದಿದ್ದೆ ತಾನೇ ನೀನು? ಗೇಟಿನ ಬುಕ್ಕಲ್ಲಿ ಸೈನ್ ಐತಲ್ಲ?"

"ಬಂದಿದ್ದೆ ಸಾರ್. ಶೆಡ್ಡಲ್ಲಿ ಕೇಬಲ್ ಇಲಿ ಕಡಿದಿತ್ತು, ಅದಕ್ಕೆ. ರೂಟರ್ ಮುಟ್ಟಿಲ್ಲ."

"ಮುಟ್ಟಿಲ್ಲ ಅಂದ್ರೆ ತಾನಾಗೇ ಆಯ್ತಾ? ಆವತ್ತೇ ಹೇಳ್ದೆ ನಾನು, ಬೆಂಗಳೂರು ಕಂಪನಿಗೆ ಕೊಡೋಣ ಅಂತ. ನೂಲು ಬಿಚ್ಚೋರ ಕೈಗೆ ನೆಟ್‌ವರ್ಕ್ ಕೊಟ್ರೆ ಇನ್ನೇನಾಗ್ತದೆ? ಗೇಟ್ ಪಾಸ್ ಕೊಡು ಇಲ್ಲಿ."

ವಹಾಬ್ ಕೂಡಲೇ ಕೊಡಲಿಲ್ಲ. ಕತ್ತಿನಲ್ಲಿದ್ದ ಹಳದಿ ಪಾಸನ್ನು ಹಿಡಿದುಕೊಂಡು ಅನಂತರಾಜುವಿನ ಕಡೆ ನೋಡಿದ. ಎಷ್ಟು ಹೊತ್ತು? ನಾಲ್ಕು ಉಸಿರಿನಷ್ಟು ಇದ್ದಿರಬಹುದು. ಆ ನಾಲ್ಕು ಉಸಿರಿನಲ್ಲಿ ಒಂದು ಮಾತಿಗೆ ಜಾಗವಿತ್ತು. ಅನಂತರಾಜು ಮಾತನ್ನು ಹುಡುಕಿದ, ಸಿಕ್ಕಿತು, ನಾಲಿಗೆಯವರೆಗೂ ಬಂತು. ಅಷ್ಟರಲ್ಲಿ ಹೆರಿಗೆಗೆ ದಿನ ಎಣಿಸುತ್ತಿದ್ದ ಲತಾಮಣಿ ನೆನಪಾದಳು. ಅವಳು ನಿಜಕ್ಕೂ ನೆನಪಾದಳೋ, ಸುಮ್ಮನಿರುವುದಕ್ಕೆ ಒಂದು ನೆಪ ಬೇಕೆಂದು ತಾನೇ ಅವಳನ್ನು ಎಳೆತಂದನೋ ಅವನಿಗೆ ತಿಳಿಯಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅವನು ಒಡೆದ ಸ್ಲೇಟಿಗೆ ಪಕ್ಕದ ಹುಡುಗನ ಅಂಗೈ ಕೆಂಪಾದಾಗಲೂ ಹೀಗೆಯೇ ಕಿಟಕಿಯಾಚೆ ನೋಡುತ್ತ ಕೂತಿದ್ದ. ಆವತ್ತು ಮನೆಗೆ ಹೋಗಿ ಊಟ ಮಾಡಿದ್ದ, ನಿದ್ದೆಯೂ ಬಂದಿತ್ತು. ಮನುಷ್ಯನಿಗೆ ಇದು ಇಷ್ಟು ಸುಲಭವಾಗಬಾರದಿತ್ತು ಎಂದು ಈಗ ಅನ್ನಿಸಿತು. ವಹಾಬ್ ಪಾಸು ತೆಗೆದು ಮೇಜಿನ ಮೇಲಿಟ್ಟು, ಸ್ಕ್ರೂಡ್ರೈವರುಗಳ ಚೀಲ ಎತ್ತಿಕೊಂಡು ಹೊರಟ.

ತನ್ನ ಕುರ್ಚಿಗೆ ಬಂದು ಅನಂತರಾಜು ಕಂಪ್ಯೂಟರು ಹಚ್ಚಿದ. ಇನ್ನು ಹಚ್ಚಬಹುದಾಗಿತ್ತು. ಎಂದಿನ ಹಾಗೆ ಗುಂಯ್ಯೆಂದು ಶುರುವಾಯಿತು, ತನಗೂ ಇದಕ್ಕೂ ಸಂಬಂಧವೇ ಇಲ್ಲದಂತೆ. ಅಷ್ಟರಲ್ಲಿ ನಟರಾಜು ಕೂಗಿದ: "ಅನಂತರಾಜು, ವಹಾಬ್‌ಗೆ ಅಗ್ರಿಮೆಂಟ್ ಕ್ಯಾನ್ಸಲ್ ಅಂತ ಒಂದು ಲೆಟರ್ ಹೊಡೀರಿ. ಕಾರಣ ಬರೀರಿ, ಹೆಡ್ ಆಫೀಸಿಗೂ ಅದೇ ಕಳಿಸೋಣ." ಅನಂತರಾಜು ಲೆಟರು ಹೊಡೆಯಲಿಲ್ಲ. ಎದ್ದು ಅವನ ರೂಮಿಗೆ ಹೋದ. ಹೋಗುವಾಗ ಕಾಲು ತಾನಾಗಿ ನಡೆಯಿತು; ಇಷ್ಟು ಹೊತ್ತು ತಾನಾಗಿ ಸುಳ್ಳಾಡಿದ ಬಾಯಿ ಈಗಲಾದರೂ ಹಾಗೇ ನಿಜ ಆಡೀತೆಂದು ನಂಬಿದ್ದ.

"ಸಾರ್, ಅದು... ನನ್ನ ಕಡೆಯಿಂದಲೂ ಆಗಿರ್ಬೋದು. ನಾನೇ ಬದಲಾಯಿಸಿರ್ಬೋದು ಸಾರ್."

ನಟರಾಜು ತಲೆಯೆತ್ತಿದ. "ಏನಂದ್ರಿ?"

"ನಾನೇ ಸಾರ್" ಎಂದ. ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಮುಖದ ಮೇಲೆ ಒಂದು ನಗು ಬೇರೆ ಬಂದು ಕೂತಿತ್ತು. ಸ್ಟೋರ್ಸಿನವರ ಎದುರು ನಕ್ಕ ಅದೇ ನಗು.

ನಟರಾಜು ಕುರ್ಚಿಗೆ ಒರಗಿ, "ಸುಮ್ನಿರ್ರೀ. ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತು ನೋಡ್ಲಿಲ್ವಾ ನಾನು, ಎಷ್ಟು ಒದ್ದಾಡಿದ್ರಿ ಅಂತ? ಅವನ ಹೊಟ್ಟೆಪಾಡು ಹೋಗ್ತದೆ ಅಂತ ಮೈಮೇಲೆ ಎಳ್ಕೊಳ್ತಾ ಇದೀರಿ. ಒಳ್ಳೇತನ ಇರ್ಬೇಕು, ಹಿಂಗಲ್ಲ. ಹೋಗಿ, ಟೀ ಕುಡಿದು ಬಂದು ಲೆಟರ್ ಹೊಡೀರಿ" ಎಂದ. ಮಾತಿನಲ್ಲಿ ನಿಜವಾದ ಪ್ರೀತಿಯಿತ್ತು. ಇಷ್ಟು ವರ್ಷದಲ್ಲಿ ನಟರಾಜು ಅವನನ್ನು ಹೊಗಳಿದ್ದು ಅದೇ ಮೊದಲು. ಅನಂತರಾಜುವಿನ ಎದೆಯಲ್ಲಿ ಬೆಳಿಗ್ಗೆಯಿಂದ ಬಿಗಿದಿದ್ದದ್ದು ಸಡಿಲವಾಯಿತು. ಹೇಳಿದ್ದಾಯಿತು, ನಂಬದಿದ್ದರೆ ತಾನೇನು ಮಾಡಲಿ? ಕಾರಿಡಾರಿನಲ್ಲಿ ಎರಡು ಹೆಜ್ಜೆ ಹಾಕುವಷ್ಟರಲ್ಲಿ ಆ ನೆಮ್ಮದಿ ಎಂಥದೆಂದು ತಿಳಿದು ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಗೇಟಿನ ಕಡೆ ಓಡಿದ.

ವಹಾಬ್ ಹೊರಗೆ ಬೇವಿನ ಮರದ ಕೆಳಗೆ ಏಣಿಯನ್ನು ಸ್ಕೂಟರಿಗೆ ಕಟ್ಟುತ್ತಿದ್ದ. ಅನಂತರಾಜು ಹಗ್ಗದ ಇನ್ನೊಂದು ತುದಿ ಹಿಡಿಯಹೋದ, ವಹಾಬ್ ಬೇಡವೆನ್ನಲಿಲ್ಲ.

"ಗುರ್ವಾರ ನಿನ್ ರೂಮ್ಗೆ ಬಂದಿದ್ದೆ" ಎಂದ ವಹಾಬ್, ಗಂಟು ಬಿಗಿಯುತ್ತ. "ಕುರ್ಚಿ ಖಾಲಿ. ಕಂಪ್ಯೂಟರ್ ನೋಡುದ್ರೆ ಹೊರಗಿಂದ ಯಾರೋ ಒಳಗವ್ರೆ ಅಂತ ಬೀಗ ಹಾಕ್ಕೊಂಡು ಕೂತೈತೆ. ಆವತ್ತೇ ಗೊತ್ತಾಯ್ತು. ಹುಳದ ಹೊತ್ತಲ್ವಾ, ಇರ್ಲಿ ಅಂತ ಸುಮ್ಕಾದೆ. ಬ್ಯಾರೆ ನಂಬರ್ ಬಾಗ್ಲು ಒಂದು ತೆಗ್ದಿದ್ರೆ ಎರಡೂ ನಡೀತಿತ್ತು ಕಣೋ. ಅವರ್ದು ಅವರಿಗೆ, ನಿಂದು ನಿಂಗೆ. ನನ್ನ ಕೇಳಿದ್ರೆ ಹೇಳ್ಕೊಡ್ತಿರ್ಲಿಲ್ವಾ?"

ಹೌದು, ಅದು ಅನಂತರಾಜುವಿಗೆ ಗೊತ್ತಿರಲಿಲ್ಲ. ಡಿಪ್ಲೊಮಾ ಮಾಡಿದವನು ನೂಲು ಬಿಚ್ಚುವವನನ್ನು ಕೇಳಬೇಕೇ ಎಂದು ಕೇಳಿರಲಿಲ್ಲ. ಅದನ್ನು ಈ ಹೊತ್ತಿನವರೆಗೆ ತನಗೆ ತಾನೂ ಒಪ್ಪಿಕೊಂಡಿರಲಿಲ್ಲ.

"ನಾನ್ ಹೇಳ್ದೆ ವಹಾಬಣ್ಣ" ಎಂದ ಏದುಸಿರಿನಲ್ಲಿ. "ನಾನೇ ಮಾಡಿದ್ದು ಅಂತ ಈಗ ಸಾರ್ಗೆ ಹೇಳ್ಬುಟ್ಟೇ ಬಂದೆ. ಅವ್ರು ನಂಬ್ಲಿಲ್ಲ."

ವಹಾಬ್ ಸ್ಕೂಟರನ್ನು ಸ್ಟ್ಯಾಂಡಿನಿಂದ ಇಳಿಸಿ, ಮೇಲೆ ಕೂತು, ಅವನ ಮುಖ ನೋಡಿದ. ಕಲಿಸುವಾಗ, ಕೇಬಲ್ಲಿನ ಎರಡೂ ತುದಿ ನೋಡಿದ್ಯಾ ಎಂದು ಕೇಳುತ್ತಿದ್ದಷ್ಟೇ ಸಹಜವಾಗಿ ಕೇಳಿದ:

"ನಂಬೋ ಹಂಗೆ ಹೇಳಿದ್ಯಾ?"

ಸ್ಕೂಟರು ಒದ್ದು ಹೊರಟುಹೋದ. ಟೀ ಹೊತ್ತಿನ ಗಂಟೆಯಾಗಿ ಶೆಡ್ಡಿನ ಜನ ಹೊರಗೆ ಬಂದರು, ಕುಡಿದರು, ಒಳಗೆ ಹೋದರು. ಅನಂತರಾಜು ಗೇಟಿನ ಹೊರಗೇ ನಿಂತಿದ್ದ. ಒಳಗೆ ಹೋದರೆ ರಜದ ದಿನದಿಂದ, ಹುಳದಿಂದ, ಸೈಬರಿನ ಪುಸ್ತಕದಲ್ಲಿರುವ ತನ್ನ ಸಹಿಯಿಂದ ಶುರುಮಾಡಿ ಇನ್ನೊಮ್ಮೆ ಹೇಳಬೇಕಾಗಿತ್ತು, ನಗದೆ.